205 ದಿನ ತಡವಾಗಿ ಹೋದವಳ ಕೇಸು ಹಿಡಿದವರು: ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ ಬಗ್ಗೆ ನನ್ನ ಅನುಭವ

ಹೈಕೋರ್ಟಿನ ಕೇಸಿಗೆ ಉಚಿತ ಕಾನೂನು ನೆರವು ಕೊಡುವ ಸಮಿತಿ ಇದು. ಮೊದಲು ಖರ್ಚಿನ ವಿಷಯ ಹೇಳಿಬಿಡುತ್ತೇನೆ. ನಾನೂ ಮೊದಲು ಕೇಳಿದ್ದು ಅದನ್ನೇ. ವಕೀಲರ ಫೀಸು ನಾನು ಕೊಡಲಿಲ್ಲ. ಕೋರ್ಟ್ ಶುಲ್ಕ ಕಟ್ಟಲಿಲ್ಲ. ಟೈಪಿಂಗ್, ಪೇಪರ್ ಬುಕ್ ಯಾವುದಕ್ಕೂ ನನ್ನನ್ನು ದುಡ್ಡು ಕೇಳಲಿಲ್ಲ. ನನ್ನ ಕೈಯಿಂದ ಹೋದದ್ದು ಕೆಂಗೇರಿಯಿಂದ ವಿಧಾನಸೌಧಕ್ಕೆ ಮೆಟ್ರೋ ಟಿಕೆಟ್, ಒಂದಷ್ಟು ಝೆರಾಕ್ಸ್, ಬ್ಯಾಂಕಿನಲ್ಲಿ ಹಳೇ ಸ್ಟೇಟ್‌ಮೆಂಟಿಗೆ ಕಟ್ಟಿದ ಶುಲ್ಕ. ಆಮೇಲೆ, ತಡವಾಗಿ ಬಂದಿದ್ದಕ್ಕೆ ಕೋರ್ಟ್ ಹಾಕಿದ ಹತ್ತು ಸಾವಿರ ರೂಪಾಯಿ. ಅಷ್ಟೇ.

ನಾನು ಬಡವಳೇನಲ್ಲ. ಕುಂಬಳಗೋಡಿನ ಒಂದು ಗಾರ್ಮೆಂಟ್ಸ್ ಯೂನಿಟ್ಟಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ತಿಂಗಳ ಸಂಬಳ ಇದೆ. ಅದಕ್ಕೇ ಉಚಿತ ಕಾನೂನು ನೆರವು ನನ್ನಂಥವರಿಗಲ್ಲ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಹೆಂಗಸು ಅನ್ನುವುದೇ ಸಾಕು. ಇದು ನನಗೆ 41ನೇ ವಯಸ್ಸಿನಲ್ಲಿ ಗೊತ್ತಾಯಿತು. ನಿಮಗೆ ಇವತ್ತೇ ಗೊತ್ತಾಗಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ಕೇಸು ಏನು ಅಂತ ಹೇಳದೆ ಇದ್ದರೆ ಮುಂದಿನದು ಅರ್ಥವಾಗಲ್ಲ. ನಾನು ತಿಪಟೂರಿನವಳು. 2010ರಿಂದ 2019ರವರೆಗೆ ಒಬ್ಬರ ಜೊತೆ ಇದ್ದೆ. ಮದುವೆ ಆಗಿರಲಿಲ್ಲ. ಲಿವಿಂಗ್ ಟುಗೆದರ್ ಅಂತಾರಲ್ಲ, ಅದು. ಅವರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ, ಅದು ಈ ಬರಹದ ವಿಷಯವೂ ಅಲ್ಲ. 2013ರಲ್ಲಿ ಕೆಂಗೇರಿ ಹತ್ತಿರ ಎರಡು ಬೆಡ್‌ರೂಮಿನ ಫ್ಲಾಟ್ ತಗೊಂಡೆವು. 38 ಲಕ್ಷ. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ. ಯಾರಿಗೆ ಎಷ್ಟು ಪಾಲು ಅಂತ ಬರೆದಿಲ್ಲ. ನಾನು ಅಮ್ಮನ ಎರಡು ಬಳೆ, ನನ್ನ ಪಿಎಫ್ ಎಲ್ಲ ಸೇರಿಸಿ 6 ಲಕ್ಷದ ಚೆಕ್ ಕೊಟ್ಟೆ. ಲೋನಿನ ಕಂತು ಅವರ ಖಾತೆಯಿಂದ ಹೋಗುತ್ತಿತ್ತು. ಅದಕ್ಕೆ ನನ್ನ ಕಡೆಯಿಂದ ತಿಂಗಳಿಗೆ 12 ಸಾವಿರ ಅವರ ಖಾತೆಗೆ ಹಾಕುತ್ತಿದ್ದೆ. 66 ತಿಂಗಳು ಹಾಕಿದೆ, ಒಟ್ಟು 7 ಲಕ್ಷ 92 ಸಾವಿರ. ರೇಷನ್ನು, ಗ್ಯಾಸು, ಅಪಾರ್ಟ್‌ಮೆಂಟಿನ ಮೇಂಟೆನೆನ್ಸು ನಾನೇ ನೋಡಿಕೊಳ್ಳುತ್ತಿದ್ದೆ. ಅದರ ಲೆಕ್ಕ ಬರೆದಿಡಲಿಲ್ಲ. ಮನೆಯಲ್ಲಿ ಯಾರು ಬರೆದಿಡುತ್ತಾರೆ?

2019ರ ಫೆಬ್ರವರಿಯಲ್ಲಿ ಒಂದು ಸೂಟ್‌ಕೇಸ್ ತಗೊಂಡು ಹೊರಗೆ ಬಂದೆ. ಮರುವರ್ಷ ಸಿಟಿ ಸಿವಿಲ್ ಕೋರ್ಟಿನಲ್ಲಿ ಅರ್ಧ ಪಾಲಿಗೆ ದಾವೆ ಹಾಕಿದೆ.

ಮದುವೆ ಆಗದೆ ಇದ್ದವರ ಆಸ್ತಿ ಜಗಳ ಫ್ಯಾಮಿಲಿ ಕೋರ್ಟಿಗೆ ಹೋಗಲ್ಲ. ಅದು ಸೀದಾ ಸಿವಿಲ್ ದಾವೆ. ಒಂಬತ್ತು ವರ್ಷ ಒಟ್ಟಿಗೆ ಅಡುಗೆ ಮಾಡಿ ಉಂಡದ್ದಕ್ಕೆ ಅಲ್ಲಿ ತೂಕ ಕಮ್ಮಿ. ಕಾಗದದಲ್ಲಿ ಯಾರ ಹೆಸರಿದೆ, ದುಡ್ಡು ಯಾರು ಕೊಟ್ಟರು ಅಂತ ನೋಡುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂನಲ್ಲಿ ಇದು ಸ್ಪಷ್ಟವಾಗಿದೆ. ಇಬ್ಬರು ಸೇರಿ ಕೊಂಡರೆ, ಹಾಕಿದ ದುಡ್ಡಿಗೆ ತಕ್ಕ ಪಾಲು. ಯಾರು ಎಷ್ಟು ಹಾಕಿದರು ಅಂತ ಸಾಕ್ಷಿ ಇಲ್ಲದಿದ್ದರೆ ಸಮಪಾಲು ಅಂತ ಹಿಡಿಯುತ್ತಾರೆ. ನನ್ನ ಪುಣ್ಯ, ಕ್ರಯಪತ್ರದಲ್ಲಿ ನನ್ನ ಹೆಸರಿತ್ತು. ಬರೀ ಅವರ ಹೆಸರಿಗೆ ಮಾಡಿಸಿ ದುಡ್ಡು ನಾನು ಕೊಟ್ಟಿದ್ದರೆ ಬೇನಾಮಿ ಕಾಯ್ದೆ ಅಡ್ಡ ಬರುತ್ತಿತ್ತು. ಗಂಡ ಹೆಂಡತಿ ಹೆಸರಿಗೆ, ಹೆಂಡತಿ ಗಂಡನ ಹೆಸರಿಗೆ ತಮ್ಮ ಗೊತ್ತಿರುವ ಆದಾಯದಿಂದ ಕೊಂಡರೆ ಅಲ್ಲಿ ವಿನಾಯಿತಿ ಇದೆ. ಜೊತೆಗಿದ್ದವರಿಗೆ ಇಲ್ಲ. ಈಗ ಯಾರಾದರೂ ಒಟ್ಟಿಗೆ ಇದ್ದು ಮನೆ ಕೊಳ್ಳುತ್ತಿದ್ದರೆ ಈ ಒಂದು ಮಾತನ್ನು ದಯವಿಟ್ಟು ಎರಡು ಸಲ ಓದಿ.

2023ರ ಜೂನ್ 14ಕ್ಕೆ ತೀರ್ಪು ಬಂತು. ನನಗೆ ಆರನೇ ಒಂದು ಪಾಲು. ಅಂದರೆ ನನ್ನ 6 ಲಕ್ಷದ ಚೆಕ್ಕನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು. ತಿಂಗಳು ತಿಂಗಳು ಹಾಕಿದ 12 ಸಾವಿರಕ್ಕೆ ಪುರಾವೆ ಇಲ್ಲ ಅಂತಾಯಿತು. ಪುರಾವೆ ಇತ್ತು. ನನ್ನ ವಕೀಲರು ಬ್ಯಾಂಕ್ ಸ್ಟೇಟ್‌ಮೆಂಟನ್ನು ಬರೀ ಪ್ರಿಂಟ್ ತೆಗೆದು ಕೊಟ್ಟಿದ್ದರು. ಬ್ಯಾಂಕಿನ ಪುಸ್ತಕಗಳ ಸಾಕ್ಷ್ಯಕ್ಕೆ 1891ರದ್ದೇ ಒಂದು ಕಾಯ್ದೆ ಇದೆ. ಅದರ ಪ್ರಕಾರ ಪ್ರಿಂಟಿನ ಜೊತೆ ಬ್ಯಾಂಕ್ ಅಧಿಕಾರಿಯ ಸರ್ಟಿಫಿಕೇಟ್ ಇರಬೇಕು. ಅದಿರಲಿಲ್ಲ.

ಸಿಟಿ ಸಿವಿಲ್ ಕೋರ್ಟಿನ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಹೋಗಬೇಕು. 90 ದಿನ ಟೈಮು. ಆ ವಕೀಲರೇ ಅಪೀಲೂ ಹಾಕುತ್ತೇನೆ ಅಂದರು. ಜುಲೈನಲ್ಲಿ ವಕಾಲತ್ತಿಗೆ ಸಹಿ ಹಾಕಿಸಿಕೊಂಡರು. ಫೋನ್ ಪೇಯಲ್ಲಿ 40 ಸಾವಿರ ಹಾಕಿದೆ. ಆಮೇಲೆ ಕೇಳಿದಾಗಲೆಲ್ಲ ವಾಟ್ಸ್ಆ್ಯಪ್‌ನಲ್ಲಿ ಒಂದೇ ಉತ್ತರ, ‘ಹಾಕಿದ್ದೀನಿ ಮೇಡಂ, ನಂಬರ್ ಬರಬೇಕು.’ ಅಕ್ಟೋಬರ್‌ನಲ್ಲಿ ಅಮ್ಮ ಬಚ್ಚಲ ಹತ್ತಿರ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ತುಮಕೂರಿನಲ್ಲಿ ಆಪರೇಷನ್. ಜನವರಿವರೆಗೆ ನಾನು ತಿಪಟೂರು ಬೆಂಗಳೂರು ಅಂತ ರೈಲಿನಲ್ಲೇ ಇದ್ದೆ. ವಕೀಲರಿಗೆ ಫೋನ್ ಮಾಡುವುದೂ ಕಮ್ಮಿಯಾಯಿತು.

2024ರ ಮಾರ್ಚ್ 4ಕ್ಕೆ ಮನೆಗೆ ರಿಜಿಸ್ಟರ್ಡ್ ಪೋಸ್ಟ್ ಬಂತು. ನನ್ನ ಜೊತೆಗಿದ್ದವರು ಅಂತಿಮ ಡಿಕ್ರಿಗೆ ಅರ್ಜಿ ಹಾಕಿದ್ದರು. ಅಂದರೆ ಆರನೇ ಒಂದು ಪಾಲಿನ ಲೆಕ್ಕದಲ್ಲೇ ಫ್ಲಾಟನ್ನು ಇತ್ಯರ್ಥ ಮಾಡಿ ಅಂತ. ಅವತ್ತು ರಾತ್ರಿ ಅಕ್ಕನ ಮಗಳು ಮೊಬೈಲಿನಲ್ಲಿ ಹೈಕೋರ್ಟಿನ ವೆಬ್‌ಸೈಟ್ ತೆಗೆದು ನನ್ನ ಹೆಸರು ಹಾಕಿ ಹುಡುಕಿದಳು. ಸ್ಪೆಲಿಂಗ್ ಬದಲಾಯಿಸಿ ಬದಲಾಯಿಸಿ ನೋಡಿದಳು. ‘ಚಿಕ್ಕಮ್ಮಾ, ಇಲ್ಲಿ ಏನೂ ಇಲ್ಲ’ ಅಂದಳು. ಅಪೀಲು ಹಾಕಿಯೇ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮಾರ್ಚ್ 11, ಸೋಮವಾರ. ಆಫೀಸಿಗೆ ರಜೆ ಹಾಕಿ ಹೈಕೋರ್ಟಿಗೆ ಹೋದೆ. ಅಂಬೇಡ್ಕರ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರ. ವಿಧಾನಸೌಧದ ಎದುರು ಇರುವ ಆ ಕೆಂಪು ಕಟ್ಟಡವನ್ನು, ಅಠಾರಾ ಕಚೇರಿಯನ್ನು, ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೆ. ಒಳಗೆ ಹೋದದ್ದು ಅದೇ ಮೊದಲು. ಗೇಟಿನಲ್ಲಿ ಆಧಾರ್ ತೋರಿಸಿ, ಕಾನೂನು ಸೇವೆಗಳ ಸಮಿತಿ ಎಲ್ಲಿ ಅಂತ ಕೇಳಿಕೊಂಡು ಹೋದೆ.

ಕೈಯಲ್ಲಿ ಒಂದು ಅರ್ಜಿ ಕೊಟ್ಟರು. ತಂದೆ ಅಥವಾ ಗಂಡನ ಹೆಸರು ಅನ್ನುವ ಕಡೆ ನನ್ನ ಪೆನ್ನು ನಿಂತಿತು. ನಾಲ್ಕು ವರ್ಷ ಕೇಸು ನಡೆಸಿದ್ದರೂ ಆ ಗೆರೆ ಮುಂದೆ ಬಂದಾಗ ಪ್ರತಿ ಸಲ ಹಾಗೇ ಆಗುತ್ತಿತ್ತು. ಎದುರಿಗಿದ್ದ ಗುಮಾಸ್ತರು ಗಮನಿಸಿರಬೇಕು. ‘ಅಪ್ಪನ ಹೆಸರು ಬರೀರಿ ಅಕ್ಕ, ಸಾಕು’ ಅಂದರು. ಮದುವೆ ಆಗಿದೆಯಾ, ಆಗಿಲ್ಲವಾ, ಯಾಕೆ ಆಗಲಿಲ್ಲ, ಒಂದೂ ಕೇಳಲಿಲ್ಲ. ತೀರ್ಪು ಯಾವತ್ತು ಬಂತು ಅಂತ ಕೇಳಿದರು. ಕಾಪಿ ಇದೆಯಾ ಅಂತ ಕೇಳಿದರು. ಇಷ್ಟು ತಡವಾಗಿ ಬಂದಿದ್ದೀರಲ್ಲ ಅಂತ ಒಬ್ಬರೂ ಮುಖ ಸಿಂಡರಿಸಲಿಲ್ಲ. ನಾನು ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಸಣ್ಣ ವಿಷಯ ಅನ್ನಿಸಬಹುದು ನಿಮಗೆ. ನನಗೆ ಅಲ್ಲ.

ಒಂದು ವಾರದೊಳಗೆ ಪ್ಯಾನೆಲ್ ವಕೀಲರನ್ನು, ಅಂದರೆ ಸಮಿತಿಯ ಪಟ್ಟಿಯಲ್ಲಿರುವ ಒಬ್ಬರನ್ನು, ಗೊತ್ತುಮಾಡಿದರು. ಐವತ್ತು ದಾಟಿದ ಹೆಂಗಸು. ಹೆಸರು ಬರೆಯಲ್ಲ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ಕೇಸಿನಲ್ಲಿ ಏನಾದರೂ ಹುರುಳಿದೆಯಾ ಅಂತ ಮೊದಲು ಪರೀಕ್ಷೆ ಮಾಡಿದರು. ಉಚಿತ ಅಂತ ಕಣ್ಣುಮುಚ್ಚಿ ಹಾಕಿಬಿಡಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ, ‘ಸರ್ಟಿಫೈಡ್ ಕಾಪಿಯ ಹಿಂದಿನ ಪುಟ ಎಲ್ಲಿ?’

ನನ್ನ ಹತ್ತಿರ ಇದ್ದದ್ದು ತೀರ್ಪಿನ ಝೆರಾಕ್ಸ್, ಮುಂದಿನ ಪುಟಗಳು ಮಾತ್ರ. ಕೋರ್ಟ್ ಸೀಲು ಹಾಕಿ ಕೊಟ್ಟ ಮೂಲ ನಕಲು, ಅಂದರೆ ಸರ್ಟಿಫೈಡ್ ಕಾಪಿ, ಹಳೇ ವಕೀಲರ ಹತ್ತಿರ ಇತ್ತು. ಮೇಡಂ ಬಿಡಿಸಿ ಹೇಳಿದರು. ನಕಲಿಗೆ ಅರ್ಜಿ ಕೊಟ್ಟ ದಿನದಿಂದ ನಕಲು ರೆಡಿಯಾದ ದಿನದವರೆಗೆ ಎಷ್ಟು ದಿನವೋ, ಅಷ್ಟನ್ನೂ 90 ದಿನಕ್ಕೆ ಸೇರಿಸದೆ ಬಿಡುತ್ತಾರೆ. ಕಾಲಮಿತಿ ಕಾಯ್ದೆಯ 12ನೇ ಕಲಂ. ಆ ದಿನಾಂಕಗಳೆಲ್ಲ ಕೊನೆ ಹಾಳೆಯ ಹಿಂದೆ ಸೀಲು ಹೊಡೆದು ಬರೆದಿರುತ್ತಾರೆ. ಹೊಸದಾಗಿ ನಕಲು ತೆಗೆಸಿದರೆ ಹೊಸ ದಿನಾಂಕ ಬರುತ್ತದೆ, ಪ್ರಯೋಜನವಿಲ್ಲ. ಹಳೇದೇ ಬೇಕು.

ಹಳೇ ವಕೀಲರು ಫೈಲು ಕೊಡಲ್ಲ ಅಂದರು. 15 ಸಾವಿರ ಬಾಕಿ ಇದೆಯಂತೆ. ಮೂರು ಸಲ ಅವರ ಆಫೀಸಿಗೆ ಹೋಗಿ ಬರಿಗೈಯಲ್ಲಿ ಬಂದೆ. ಆಗ ಮೇಡಂ ನನ್ನ ಹೆಸರಿನಲ್ಲೇ ಒಂದು ಕಾಗದ ಬರೆಸಿದರು. ಫೀಸು ಬಾಕಿ ಇದೆ ಅಂತ ವಕೀಲರು ಕಕ್ಷಿದಾರರ ಫೈಲು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಎರಡು ಸಾಲಿನಲ್ಲಿ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಏಪ್ರಿಲ್ 3ಕ್ಕೆ ಅವರ ಗುಮಾಸ್ತರೇ ಫೋನ್ ಮಾಡಿ ಬಂದು ತಗೊಂಡು ಹೋಗಿ ಅಂದರು. ಫೈಲು ಮಡಿಲಲ್ಲಿ ಇಟ್ಟುಕೊಂಡು ಮೆಟ್ರೋದಲ್ಲೇ ಕೊನೆ ಹಾಳೆ ತಿರುಗಿಸಿ ನೋಡಿದೆ. ನೀಲಿ ಸೀಲು, ಒಳಗೆ ಕೈಬರಹ. ಅರ್ಜಿ ಕೊಟ್ಟದ್ದು 20-6-2023. ನಕಲು ರೆಡಿ 7-7-2023. ಹದಿನೆಂಟು ದಿನ! 90 ದಿನ ಸೆಪ್ಟೆಂಬರ್ 12ಕ್ಕೆ ಮುಗಿಯಬೇಕಾದದ್ದು ಸೆಪ್ಟೆಂಬರ್ 30ಕ್ಕೆ ಬಂತು. ನಾವು ಕೊನೆಗೆ ಅಪೀಲು ಹಾಕಿದ್ದು 2024ರ ಏಪ್ರಿಲ್ 22, ಬೇಸಿಗೆ ರಜೆಗೆ ಮುಂಚೆ. ತಡ 223 ದಿನ ಆಗಬೇಕಿದ್ದದ್ದು 205 ಆಯಿತು.

ಈ ಇಡೀ ಸೇವೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಮುಂದಿನ ಕೆಲಸ. ತಡವಾದ ಅಪೀಲಿನ ಜೊತೆಗೇ ತಡವನ್ನು ಮನ್ನಿಸಿ ಅಂತ ಒಂದು ಅರ್ಜಿ, ಅದಕ್ಕೊಂದು ಅಫಿಡವಿಟ್ ಹಾಕಬೇಕು. ಕಾಲಮಿತಿ ಕಾಯ್ದೆಯ 5ನೇ ಕಲಂ. ‘ಸಾಕಷ್ಟು ಕಾರಣ’ ತೋರಿಸಬೇಕು. ಮೇಡಂ ಒಂದು ಲೀಗಲ್ ಸೈಜಿನ ಹಾಳೆ ತಗೊಂಡು ಸ್ಕೇಲಿನಲ್ಲಿ ಮೂರು ಕಾಲಂ ಎಳೆದರು. ಯಾವತ್ತಿಂದ ಯಾವತ್ತಿಗೆ. ನಾನೇನು ಮಾಡುತ್ತಿದ್ದೆ. ಅದಕ್ಕೆ ಕಾಗದ ಏನಿದೆ. ‘ತುಂಬಿಕೊಂಡು ಬನ್ನಿ, ನೀವು ಅಕೌಂಟ್ಸ್ ಅವರಲ್ವಾ’ ಅಂದರು.

ಎರಡು ರಾತ್ರಿ ಕೂತು ತುಂಬಿದೆ. ವಾಟ್ಸ್ಆ್ಯಪ್ ಮೆಸೇಜು ಒಂದೊಂದರ ದಿನಾಂಕ. ಫೋನ್ ಪೇ ರಸೀದಿ. ಅಮ್ಮನ ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ. ಹಳೇ ಪರ್ಸಿನಲ್ಲಿ ಸಿಕ್ಕ ತಿಪಟೂರಿನ ರೈಲು ಟಿಕೆಟ್ಟುಗಳು, ಅರ್ಧ ಅಳಿಸಿಹೋಗಿದ್ದವು. ಆಫೀಸಿನ ರಜೆ ಚೀಟಿ. ಎಲ್ಲ ಜೋಡಿಸಿದ ಮೇಲೂ ಫೆಬ್ರವರಿ ಖಾಲಿ ಉಳಿಯಿತು. ಫೆಬ್ರವರಿಯಲ್ಲಿ ಅಮ್ಮ ಹುಷಾರಾಗಿದ್ದರು. ನಾನು ಬೆಂಗಳೂರಿನಲ್ಲೇ ಇದ್ದೆ. ಆದರೂ ವಕೀಲರ ಹತ್ತಿರ ಹೋಗಲಿಲ್ಲ. ಸಾಕಾಗಿತ್ತು. ಮತ್ತೆ ಆ ಕಾರಿಡಾರಿನಲ್ಲಿ ನಿಂತು ‘ನಿಮಗೂ ಅವರಿಗೂ ಏನು ಸಂಬಂಧ’ ಅಂತ ಕೇಳಿಸಿಕೊಳ್ಳಲು ಮನಸ್ಸಿರಲಿಲ್ಲ.

ಒಂದು ಟೈಪಿಂಗ್ ಅಂಗಡಿ ಹತ್ತಿರ ನಿಂತಿದ್ದವರೊಬ್ಬರು ಹೇಳಿದ್ದರು, ‘ಒಂದು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸಿಬಿಡಿ, ಜಾಂಡೀಸ್ ಅಂತ. ಎಲ್ಲರೂ ಹಾಗೇ ಮಾಡೋದು.’ ಮೇಡಂಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

‘ಬೇಡಮ್ಮ. ಒಂದು ಸುಳ್ಳು ಸಿಕ್ಕಿಬಿದ್ದರೆ 205 ದಿನವೂ ಸುಳ್ಳಾಗುತ್ತೆ. ಫೆಬ್ರವರಿಯಲ್ಲಿ ಏನಾಗಿತ್ತು ಅಂತ ನನಗೆ ಹೇಳಿ, ಅದನ್ನೇ ಬರೆಯೋಣ.’

ಅದನ್ನೇ ಬರೆದರು. ಅಪೀಲು ಹಾಕಿದ್ದಾರೆ ಅಂತ ನಂಬಿದ್ದಳು, ಮೆಸೇಜುಗಳು ಇಲ್ಲಿವೆ, ನಂಬಿದ್ದರಿಂದ ಆ ತಿಂಗಳು ವಿಚಾರಿಸಲಿಲ್ಲ. ಮೂರು ಸಾಲು. ಮೆಸೇಜಿನಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ 65ಬಿ ಸರ್ಟಿಫಿಕೇಟನ್ನೂ ಹಾಕಿದರು. ಆಗಿನ್ನೂ ಹಳೇ ಸಾಕ್ಷ್ಯ ಕಾಯ್ದೆಯೇ ಇತ್ತು. ನೋಟರಿ ಮುಂದೆ ಸಹಿ ಹಾಕುವ ಮುಂಚೆ ಇಡೀ ಅಫಿಡವಿಟನ್ನು ಕನ್ನಡದಲ್ಲಿ ಓದಿ ಹೇಳಿದರು. ನನಗೆ ಇಂಗ್ಲಿಷ್ ಬರುತ್ತದೆ ಅಂದೆ. ‘ಬರಲಿ, ಪ್ರಮಾಣ ಮಾಡ್ತಿರೋದು ನೀವು, ನಿಮ್ಮ ಭಾಷೆಯಲ್ಲಿ ಒಂದು ಸಲ ಕೇಳಿಸ್ಕೊಳ್ಳಿ’ ಅಂದರು. ಮೊದಲ ವಕೀಲರು ಕೊಟ್ಟ ಕಾಗದಗಳಿಗೆ ಓದದೆ ಎಷ್ಟು ಸಹಿ ಹಾಕಿದ್ದೆ ಅಂತ ಆಗ ನೆನಪಾಯಿತು.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ತಡವಾದ ಅಪೀಲಿಗೆ ತಕ್ಷಣ ಸ್ಟೇ ಸಿಗಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 3ಎ ನಿಯಮದಲ್ಲಿ ಹಾಗೆ ಇದೆ. ಅಪೀಲನ್ನು ಕೇಳುತ್ತೇವೆ ಅಂತ ಕೋರ್ಟ್ ತೀರ್ಮಾನ ಮಾಡುವವರೆಗೆ ಡಿಕ್ರಿ ಜಾರಿಗೆ ತಡೆ ಕೊಡುವ ಹಾಗಿಲ್ಲ. ಹಾಗಾಗಿ ಇಲ್ಲಿ ಅರ್ಜಿ ಬಾಕಿ ಇರುವಾಗಲೇ ಅಲ್ಲಿ ಅಂತಿಮ ಡಿಕ್ರಿ ಕೇಸು ನಡೆಯುತ್ತಿತ್ತು. ಕೋರ್ಟ್ ಕಮಿಷನರ್ ಬಂದು ಟೇಪು ಹಿಡಿದು ಫ್ಲಾಟ್ ಅಳತೆ ಮಾಡಿಕೊಂಡು ಹೋದರು. ನಾನೂ ಹಾಜರಿರಬೇಕಿತ್ತು. ಐದು ವರ್ಷದ ಮೇಲೆ ಆ ಬಾಗಿಲು ದಾಟಿದೆ. ಅಡುಗೆಮನೆ ಕಟ್ಟೆಯ ಮೇಲೆ ನಾನು ತಂದ ಕಲ್ಲಿನ ಮರಿಗೆ ಹಾಗೇ ಇತ್ತು, ಅದರಲ್ಲಿ ಚಾವಿಗಳನ್ನು ಹಾಕಿಟ್ಟಿದ್ದರು. ಎರಡು ಬೆಡ್‌ರೂಮಿನ ಫ್ಲಾಟನ್ನು ಆರು ತುಂಡು ಮಾಡಲು ಆಗಲ್ಲ. ಮಾರಿಸಿ ದುಡ್ಡು ಹಂಚುವುದೇ ದಾರಿ. ಆ ತಿಂಗಳುಗಳಲ್ಲಿ ನನಗೆ ನಿದ್ದೆ ಇರಲಿಲ್ಲ. ಮೇಡಂ ಅಲ್ಲಿಗೂ ಒಂದು ಮೆಮೊ ತಯಾರು ಮಾಡಿಕೊಟ್ಟರು. ಅಪೀಲು ಹಾಕಿದೆ, ಇಂಥ ದಿನ ಬರುತ್ತದೆ, ಸಮಯ ಕೊಡಿ ಅಂತ. ಸಮಯ ಸಿಕ್ಕಿತು. ಎಲ್ಲರಿಗೂ ಸಿಗುತ್ತದೆ ಅಂತ ನಾನು ಹೇಳಲಾರೆ.

ಎದುರು ಪಕ್ಷಕ್ಕೆ ನೋಟಿಸ್ ಹೋಗಿ, ಅವರು ತಕರಾರು ಹಾಕಿ, 2025ರ ಜನವರಿಯಲ್ಲಿ ವಾದ ನಡೆಯಿತು. ಅವರ ವಕೀಲರು ಎದ್ದು, ಈಕೆ ಓದಿದವರು, ಬೆಂಗಳೂರಿನಲ್ಲೇ ಇದ್ದಾರೆ, ದಿನಾ ಲೆಕ್ಕ ಬರೆಯುವವರಿಗೆ 90 ದಿನದ ಲೆಕ್ಕ ತಿಳಿಯುವುದಿಲ್ಲವೇ ಅಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಎದೆಗೆ ಚುಚ್ಚಿದ ಹಾಗಾಯಿತು. ಮೇಡಂ ಜೋರು ದನಿಯವರಲ್ಲ. ಎರಡು ಹಳೇ ತೀರ್ಪು ಹೇಳಿದರು. ಒಂದು 1987ರದ್ದು, ಅನಂತನಾಗ್‌ನ ಭೂಸ್ವಾಧೀನ ಪ್ರಕರಣ. ಪ್ರತಿ ದಿನದ ತಡಕ್ಕೂ ವಿವರಣೆ ಕೊಡಿ ಅನ್ನುವುದನ್ನು ಅಕ್ಷರಕ್ಕೆ ಅಂಟಿಕೊಂಡು ಹಿಂಜಬಾರದು, ಬುದ್ಧಿ ಉಪಯೋಗಿಸಿ ನೋಡಬೇಕು ಅಂತ ಅದರಲ್ಲಿದೆ. ಇನ್ನೊಂದು 1981ರದ್ದು. ವಕೀಲರ ತಪ್ಪಿಗೆ ಏನೂ ಅರಿಯದ ಕಕ್ಷಿದಾರರಿಗೆ ಶಿಕ್ಷೆಯಾಗಬಾರದು ಅಂತ. ಆಮೇಲೆ ಆ ಮೂರು ಕಾಲಮಿನ ಪಟ್ಟಿಯನ್ನು ಮುಂದಿಟ್ಟರು. ನ್ಯಾಯಮೂರ್ತಿಗಳು ಅದನ್ನು ಓದಿದರು. ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು. ತಡ ಮನ್ನಿಸಿದರು. ಎದುರು ಪಕ್ಷಕ್ಕೆ ನಾಲ್ಕು ವಾರದೊಳಗೆ ಹತ್ತು ಸಾವಿರ ಕಟ್ಟಬೇಕು ಅಂತ ಷರತ್ತು. ಅವತ್ತೇ ಕಟ್ಟಿದೆ.

ಇದನ್ನು ಓದಿ, ಹಾಗಾದರೆ ತಡವಾದರೂ ನಡೆಯುತ್ತೆ ಅಂದುಕೊಳ್ಳಬೇಡಿ. ನನ್ನ ಕೇಸು ಮುಗಿದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ, ಕರ್ನಾಟಕ ಗೃಹ ಮಂಡಳಿ 3,966 ದಿನ ತಡವಾಗಿ ಹಾಕಿದ್ದ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ನಮ್ಮ ಹೈಕೋರ್ಟ್ ಆ ತಡವನ್ನು ಮನ್ನಿಸಿತ್ತು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪೇಪರಿನಲ್ಲಿ ಓದಿ ಕೈ ನಡುಗಿತು. ವಕೀಲರ ಮೇಲೆ ಹೇಳಿಬಿಟ್ಟರೆ ಸಾಕು ಅನ್ನುವುದೂ ಈಗ ನಡೆಯಲ್ಲ. ನನ್ನ ಹತ್ತಿರ ಮೆಸೇಜು, ರಸೀದಿ ಇದ್ದವು. ಬರೀ ಬಾಯಿಮಾತಾಗಿದ್ದರೆ ಏನಾಗುತ್ತಿತ್ತೋ.

ತಡ ಮನ್ನಾ ಆದ ಮೇಲೆ ಉಳಿದದ್ದು ಬೇಗ ಸಾಗಿತು. ಬ್ಯಾಂಕಿನಿಂದ ಸರ್ಟಿಫಿಕೇಟ್ ಸಮೇತ 66 ತಿಂಗಳ ಸ್ಟೇಟ್‌ಮೆಂಟ್ ತಂದು, ಹೆಚ್ಚುವರಿ ಸಾಕ್ಷ್ಯ ಅಂತ ಅರ್ಜಿ ಹಾಕಿದೆವು. ಅದನ್ನು ಒಪ್ಪುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ಅದರ ತೀರ್ಮಾನಕ್ಕೆ ಮುಂಚೆಯೇ ನಮ್ಮನ್ನು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ, 2007ರಿಂದ ನಡೆಯುತ್ತಿದೆ. ಅಲ್ಲೂ ನಾನು ಏನೂ ಕಟ್ಟಲಿಲ್ಲ. ಒಂದು ಮೇಜು, ಈ ಕಡೆ ನಾವು, ಆ ಕಡೆ ಅವರು, ನಡುವೆ ಮಧ್ಯಸ್ಥರು. ಮೊದಲು ಎಲ್ಲರನ್ನೂ ಕೂರಿಸಿ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ಅಲ್ಲಿ ಆಡಿದ ಮಾತು ಕೋರ್ಟಿಗೆ ಹೋಗಲ್ಲ. ಆ ಧೈರ್ಯಕ್ಕೇ ನಾನು ಮೊದಲ ಸಲ ರೇಷನ್ನು, ಗ್ಯಾಸು, ಅಮ್ಮನ ಬಳೆ ಬಗ್ಗೆ ಪೂರ್ತಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ‘ಬಳೆ ವಿಷಯ ನನಗೆ ಗೊತ್ತಿತ್ತು’ ಅಂದರು. ಅಷ್ಟು ಸಾಕಾಗಿತ್ತು ನನಗೆ.

ಮೂರು ಸಲ ಕೂತೆವು. ಫ್ಲಾಟಿನ ಬೆಲೆ 72 ಲಕ್ಷ ಅಂತ ಇಬ್ಬರೂ ಒಪ್ಪಿದೆವು, ಲೋನ್ 13 ಲಕ್ಷ ಬಾಕಿ ಇತ್ತು. ಆರನೇ ಒಂದರ ಲೆಕ್ಕದಲ್ಲಿ ನನಗೆ ಹತ್ತು ಲಕ್ಷದೊಳಗೆ ಬರುತ್ತಿತ್ತು. 21 ಲಕ್ಷಕ್ಕೆ ಒಪ್ಪಂದವಾಯಿತು, ಎರಡು ಕಂತು. ಅದನ್ನು ಹೈಕೋರ್ಟ್ ದಾಖಲು ಮಾಡಿ ಡಿಕ್ರಿ ಕೊಟ್ಟಿತು. ಅರ್ಧ ಅಲ್ಲ, ಗೊತ್ತು. ಇನ್ನೂ ಹಲವು ವರ್ಷ ವಾದ ಮಾಡಿದ್ದರೆ ಜಾಸ್ತಿ ಸಿಗುತ್ತಿತ್ತೋ ಏನೋ. ನನಗೆ ಅಷ್ಟು ವರ್ಷ ಕೊಡಲು ಮನಸ್ಸಿರಲಿಲ್ಲ. ಮೇಡಂ ಒಪ್ಪಿಕೊಳ್ಳಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಎರಡೂ ದಾರಿಯ ಲೆಕ್ಕ ಹಾಕಿ ತೋರಿಸಿ, ಯೋಚನೆ ಮಾಡಲು ಒಂದು ವಾರ ಬಿಟ್ಟರು.

ಹಕ್ಕು ಬಿಡುಗಡೆ ಪತ್ರ ಮಾಡಿಸುವಾಗ ಮತ್ತೆ ಅದೇ ಗೋಡೆ. ಕುಟುಂಬದವರ ನಡುವೆ ಆದರೆ ಸ್ಟಾಂಪ್ ಶುಲ್ಕ ಕಮ್ಮಿ. ನಾವು ಕಾನೂನಿನ ಕಣ್ಣಿಗೆ ಕುಟುಂಬ ಅಲ್ಲ, ಹಾಗಾಗಿ ಹೊರಗಿನವರ ಲೆಕ್ಕವೇ. ಅದನ್ನು ಅವರೇ ಕಟ್ಟಬೇಕು ಅಂತ ಮೇಡಂ ಮುಂಚೆಯೇ ಒಪ್ಪಂದದಲ್ಲಿ ಬರೆಸಿದ್ದರು. ನನಗಾಗಿದ್ದರೆ ಹೊಳೆಯುತ್ತಲೇ ಇರಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಪತ್ರ ಬರೆಯುವವರು ‘ನೀವಿಬ್ಬರೂ ಏನಾಗಬೇಕು?’ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಮೇಡಂ ಅಂದರು, ‘ಸಹ ಮಾಲೀಕರು. ಹಾಗೇ ಬರೀರಿ.’

ಕೆಲಸ ಮುಗಿದ ದಿನ ಮೇಡಂಗೆ ಒಂದು ಸೀರೆ ತಗೊಂಡು ಹೋಗಿದ್ದೆ. ಮುಟ್ಟಲಿಲ್ಲ. ಕಾನೂನು ನೆರವಿನ ಕೇಸಿನಲ್ಲಿ ಕಕ್ಷಿದಾರರಿಂದ ಏನೂ ತಗೊಳ್ಳುವ ಹಾಗಿಲ್ಲ ಅಂದರು. ತಿಪಟೂರಿನ ಎರಡು ತೆಂಗಿನಕಾಯಿ ಕೊಡಲೇ ಅಂದೆ. ಅದೂ ಬೇಡ ಅಂದರು, ನಗುತ್ತಾ. ಯಾರಾದರೂ ಪ್ಯಾನೆಲ್ ವಕೀಲರು ನಿಮ್ಮ ಹತ್ತಿರ ದುಡ್ಡು ಕೇಳಿದರೆ ಅದು ತಪ್ಪು, ಸಮಿತಿಗೆ ತಿಳಿಸಬಹುದು.

ಹೋಗುವವರಿಗೆ ಒಂದೆರಡು ಮಾತು. ಹೈಕೋರ್ಟಿನ ಕೇಸಿಗೆ ಈ ಸಮಿತಿ. ಧಾರವಾಡ, ಕಲಬುರಗಿ ಪೀಠಗಳ ಕೇಸಾದರೆ ಅಲ್ಲಿಯೇ ವಿಚಾರಿಸಿ. ಕೆಳಗಿನ ಕೋರ್ಟಿನದಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲೂಕಿನಲ್ಲೂ ಸಮಿತಿ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿ. ಸಣ್ಣ ಊರಿನ ಸಿವಿಲ್ ಕೋರ್ಟಿನ ತೀರ್ಪಿನ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು ಅಂದರೆ 90 ದಿನ ಅಲ್ಲ, 30 ದಿನ ಮಾತ್ರ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ವಕೀಲರು ಕೇಸು ಹಾಕಿದ್ದೀನಿ ಅಂದರೆ ನಂಬರು ಕೇಳಿ, ಬರೆದುಕೊಳ್ಳಿ. ಪ್ರತಿ ಕೇಸಿಗೂ 16 ಅಕ್ಷರ, ಅಂಕಿ ಸೇರಿದ ಸಿಎನ್‌ಆರ್ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ ಯಾವಾಗ ಅಂತ ನಿಮಗೇ ಕಾಣುತ್ತದೆ. ನಾನು ಆ ಒಂದು ಕೆಲಸ ಮಾಡಿದ್ದರೆ 205 ದಿನ ಹೋಗುತ್ತಿರಲಿಲ್ಲ.

ಒಂದು ಪೂರ್ತಿ ದಿನ ಬಿಡುವು ಮಾಡಿಕೊಂಡು ಬೆಳಿಗ್ಗೆಯೇ ಹೋಗಿ. ಆಧಾರ್ ಇಟ್ಟುಕೊಳ್ಳಿ. ತೀರ್ಪಿನ ಸರ್ಟಿಫೈಡ್ ಕಾಪಿ ತಗೊಂಡು ಹೋಗಿ. ಝೆರಾಕ್ಸ್ ಮಾಡಿಸುವಾಗ ಕೊನೆ ಹಾಳೆಯ ಹಿಂದಿನ ಪುಟವನ್ನೂ ಮಾಡಿಸಿ.